ಹಾಲಿನಲ್ಲಿ ತೊಳೆದ ರೂಪಾಯಿ

ಪಟ್ಟಾಭಿರಾಮರ ಬಳಿ ಸ್ವಂತದ್ದು ಎನ್ನಲು ಒಂದು ನಾಣ್ಯವೂ ಇರಲಿಲ್ಲ.

ವಡೋದರದ ನಾಣ್ಯ ಸಂಗ್ರಾಹಕರ ಮಂಡಳಿಗೆ ಅವರು ಹನ್ನೆರಡು ವರ್ಷದಿಂದ ಅಧ್ಯಕ್ಷರು. ಅವರು ಚೀಟಿ ಬರೆದು ರುಜು ಹಾಕಿದರೆ ನಾಣ್ಯ ನಿಜ. ಹಾಕದಿದ್ದರೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಆದರೆ ಗೋರ್ವಾದ ಅವರ ಎರಡು ಕೋಣೆಯ ಮನೆಯಲ್ಲಿ ಇದ್ದದ್ದು ಪುಸ್ತಕಗಳು, ಒಂದು ಭೂತಗನ್ನಡಿ, ಒಂದು ಚಿಕ್ಕ ತಕ್ಕಡಿ, ಒಂದು ನಶ್ಯದ ಡಬ್ಬಿ. ಅನಂತರಾಮ ಗೋಡೆಯ ಬೀರುವನ್ನೂ ತೆರೆದು ನೋಡಿ ಮುಗಿಸಿದ್ದ.

“ಹುಡುಕಿದ್ದಾಯ್ತೇನಯ್ಯ?” ಎಂದರು ಪಟ್ಟಾಭಿರಾಮ. “ಹಾಸಿಗೆ ಒಂದು ಉಳಿದಿದೆ. ಅದನ್ನೂ ಕೊಡವಿ ನೋಡು. ಎದುರು ಮನೆಯವರಿಗೂ ಸಮಾಧಾನ ಆಗಲಿ.”

“ಬೇಡ ಸಾರ್. ಕೂತ್ಕೊಳ್ಳಿ.”

ಅನಂತರಾಮ ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ರಸಾಯನ ವಿಭಾಗದ ಸಹಾಯಕ. ನಾಣ್ಯ ನೋಡುವುದನ್ನು ಅವನಿಗೆ ಕಲಿಸಿದವರು ಈ ಮುದುಕರೇ. ಸೂರತ್ತಿನ ಜರಿ ವ್ಯಾಪಾರಿ ಧನಸುಖಲಾಲ್ ಮಂಡಳಿಯ ಮೂಲಕ ಕೊಂಡ ಹನ್ನೆರಡು ವಿಕ್ಟೋರಿಯಾ ರೂಪಾಯಿಗಳಲ್ಲಿ ಒಂದರ ಕಾಮನಬಿಲ್ಲಿನ ಬಣ್ಣ ಹೆಬ್ಬೆರಳಿಗೆ ಎದ್ದುಬಂದಾಗ, ವಿಚಾರಣೆಯನ್ನು ಮಂಡಳಿ ಅವನಿಗೆ ವಹಿಸಿತ್ತು. ಹಳೆಯ ಬೆಳ್ಳಿಗೆ ವರ್ಷಗಳಲ್ಲಿ ತಾನಾಗಿ ಏರುವ ಆ ಬಣ್ಣಕ್ಕೇ ಸಂಗ್ರಾಹಕರು ಬೆಲೆ ಕೊಡುವುದು.

ಆದರೆ ವಿಚಾರಣೆ ಮುಗಿಯುವ ಮೊದಲೇ ಮಂಡಳಿ ಒಬ್ಬನನ್ನು ಹಿಡಿದುಕೊಂಡಿತ್ತು. ಸಯಾಜಿಗಂಜಿನಲ್ಲಿ ಉಡುಪಿ ಹೋಟೆಲು ಇಟ್ಟ ದಾಮೋದರ ರಾವ್. ಅವನ ಉಗ್ರಾಣದಲ್ಲಿ, ಬೆಳ್ಳಿಗೆ ಬಣ್ಣ ಏರಿಸುವ ಗಂಧಕದ ಪೊಟ್ಟಣ ಸಿಕ್ಕಿತ್ತು. ತಿಗಣೆ ಕೊಲ್ಲಲು ಹೊಗೆ ಹಾಕುತ್ತೇನೆ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭಾನುವಾರ ಮಂಡಳಿ ಸೇರಿ ಅವನನ್ನು ಪೊಲೀಸರಿಗೆ ಒಪ್ಪಿಸುವುದೆಂದು ನಿಶ್ಚಯವಾಗಿತ್ತು.

ಇವತ್ತು ಗುರುವಾರ.

ಅನಂತರಾಮ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿ ಮೇಜಿನ ಮೇಲಿಟ್ಟ. ರಾಣಿಯ ಮುಖದ ಮೇಲೆ ಅಂಚಿನಿಂದ ಒಳಕ್ಕೆ ಕೆಂಪು, ಹಳದಿ, ಹಸಿರು, ನೀಲಿ. ಕೆನ್ನೆಯ ಹತ್ತಿರ ಹೆಬ್ಬೆರಳಿನಷ್ಟು ಜಾಗ ಮಾತ್ರ ಬಿಳಿ.

“ಇದರ ಚೀಟಿ ಓದ್ತೀನಿ, ಕೇಳಿ. ‘ಅಹಮದಾಬಾದಿನ ಖಾಡಿಯಾದ ಹಳೆಯ ಮನೆಯೊಂದರ ಪೂಜೆಯ ಪೆಟ್ಟಿಗೆಯಿಂದ. ಅರವತ್ತು ವರ್ಷದ ಹಿಂದೆ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಟ್ಟದ್ದು. ಅಂದಿನಿಂದ ಬಿಚ್ಚಿಲ್ಲ, ಮುಟ್ಟಿಲ್ಲ. ಬಣ್ಣ ಸಹಜ.’ ಇಂಥ ಚೀಟಿ ಹನ್ನೊಂದು. ರುಜು ನಿಮ್ಮದು.”

“ರುಜು ನನ್ನದು. ಕತೆ ದಾಮೋದರನದು. ಅವನು ಹೇಳಿದ, ನಾನು ಬರೆದೆ.”

“ಬೆಳಿಗ್ಗೆ ಖಾಡಿಯಾಕ್ಕೆ ಹೋಗಿದ್ದೆ.”

ನಶ್ಯದ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ ಬೆರಳು ನಿಂತಿತು. ಆ ಬೆರಳಿನ ಬೆಳ್ಳಿಯ ಉಂಗುರ ಕಪ್ಪಿಟ್ಟಿತ್ತು. ಅನಂತರಾಮ ಅದನ್ನು ನೋಡಿದ. ಅವನು ನೋಡಿದ್ದನ್ನು ಪಟ್ಟಾಭಿರಾಮರೂ ನೋಡಿದರು. ಕೈ ಮೇಜಿನ ಕೆಳಗೆ ಹೋಯಿತು.

ಓಣಿ ಓಣಿ ಕೇಳಿ ಪತ್ತೆ ಮಾಡಿದ ಖಾಡಿಯಾದ ಆ ಮನೆಯ ಚಂಚಳಬೆನ್‌ಗೆ ಎಂಬತ್ತರ ಹತ್ತಿರ. ಎರಡೂ ಕಣ್ಣಿಗೆ ಪೊರೆ. ತೂಗುಮಂಚದ ಮೇಲೆ ಕೂತು ಕಾಲಿನಿಂದ ನೆಲ ಮೀಟುತ್ತ ಮಾತಾಡಿದ್ದರು. ಅನಂತರಾಮನ ಅರ್ಧಮರ್ಧ ಗುಜರಾತಿ ಕೇಳಿ ಮೊದಲು ನಕ್ಕರು. ಆಮೇಲೆ ಚೀಟಿಯ ಮಾತು ಕೇಳಿ ಸಿಟ್ಟಾದರು.

“ಮುಟ್ಟಿಲ್ಲವಂತಾ? ಯಾರು ಹೇಳಿದ್ದು, ದೀಕರಾ, ಮಗನೇ? ಲಕ್ಷ್ಮಿಯ ರೂಪಾಯಿಯನ್ನು ತೊಳೆಯದೆ ಇಡುವಷ್ಟು ಗಲೀಜು ಮನೆಯಾ ಇದು? ಪ್ರತಿ ದೀಪಾವಳಿಯ ಧನತೇರಸ್‌ಗೂ ನಾನೇ ಬೂದಿಯಲ್ಲಿ ಉಜ್ಜಿ, ಹಾಲಿನಲ್ಲಿ ತೊಳೆದು, ಕುಂಕುಮ ಇಟ್ಟಿದ್ದೇನೆ. ಸೊಸೆಯಾಗಿ ಬಂದ ವರ್ಷದಿಂದ. ಅರವತ್ತೊಂದು ಧನತೇರಸ್ ಆಯಿತು.”

“ಬಣ್ಣ ಇತ್ತಾ, ಅಜ್ಜಿ?”

“ಎಂಥ ಬಣ್ಣ? ಮಲ್ಲಿಗೆಯ ಹಾಗಿದ್ದವು.”

ಮಕ್ಕಳು ಬೇರೆಯಾದಾಗ ಆ ಹನ್ನೊಂದನ್ನೂ ಯಾರಿಗೂ ಪಾಲು ಹಾಕದೆ ಒಬ್ಬ ‘ಮದ್ರಾಸಿ ಭಾಯಿ’ಗೆ ಕೊಟ್ಟಿದ್ದರಂತೆ. ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇನೆ, ಊರಿನ ಮಕ್ಕಳೆಲ್ಲ ನೋಡುತ್ತಾರೆ ಎಂದಿದ್ದನಂತೆ ಅವನು. ಮುಂಬಯಿಯಿಂದ ಕೆಳಗಿನವರೆಲ್ಲ ಆ ಮನೆಗೆ ಮದ್ರಾಸಿಗಳೇ. ಪಟ್ಟಾಭಿರಾಮರೂ ಮದ್ರಾಸಿ, ದಾಮೋದರನೂ ಮದ್ರಾಸಿ.

“ಮುಖ ನೆನಪಿದೆಯಾ?”

“ಕಣ್ಣು ಕಂಡರೆ ತಾನೇ ಮುಖ? ಚಹಾ ಕುಡಿಯಲಿಲ್ಲ, ಅದು ನೆನಪಿದೆ. ಮತ್ತೆ ನನ್ನ ಛೀಂಕಣಿ ಮುಗಿದುಹೋಗಿತ್ತು. ತನ್ನ ಡಬ್ಬಿಯಿಂದ ಒಂದು ಚಿಟಿಕೆ ಕೊಟ್ಟ. ಅಬ್ಬಾ, ನೆತ್ತಿಯವರೆಗೆ ಹತ್ತಿತು. ಅಂಥ ನಶ್ಯ ಇಲ್ಲಿ ಸಿಗುವುದಿಲ್ಲ. ನೀನು ತಂದಿದ್ದೀಯಾ?”

ಅನಂತರಾಮ ತಂದಿರಲಿಲ್ಲ.

“ನಶ್ಯ ಹಾಕೋನು ಈ ಗುಜರಾತಿಗೆಲ್ಲ ನಾನೊಬ್ಬನೇನು?” ಎಂದರು ಪಟ್ಟಾಭಿರಾಮ, ಎಲ್ಲವನ್ನೂ ಕೇಳಿ.

“ದಾಮೋದರ ಹಾಕಲ್ಲ.”

“ಅದನ್ನ ಮಂಡಳಿ ಮುಂದೆ ಹೇಳು. ಕಣ್ಣು ಕಾಣದ ಮುದುಕಿಯ ಮೂಗು ಸಾಕ್ಷಿ ಅಂತ. ನಗ್ತಾರೆ.”

“ನೀವು ತಪ್ಪಿದ್ದು ನಶ್ಯದಲ್ಲಲ್ಲ ಸಾರ್. ಮುಡಿಪಿನಲ್ಲಿ.”



ಹನ್ನೆರಡನೆಯ ರೂಪಾಯಿ ದಾಮೋದರನದು. ಅವನಿಗೆ ಎರಡು ವರ್ಷವಿದ್ದಾಗ ಜ್ವರ ಬಂದು ಉಳಿಯುವ ಆಸೆ ಬಿಟ್ಟಿದ್ದರು. ಅವನ ತಾಯಿ ತಿರುಪತಿಗೆ ಹರಕೆ ಹೊತ್ತು ಒಂದು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಕೋಣೆಯ ಗೂಟಕ್ಕೆ ತೂಗಹಾಕಿದರು. ಯಾತ್ರೆಗೆ ಹೋಗುವುದು ಆಗಲೇ ಇಲ್ಲ. ಹೋಗುವವರೆಗೆ ಮುಡಿಪಿನ ಗಂಟನ್ನು ಯಾರೂ ಬಿಚ್ಚುವುದಿಲ್ಲ, ತೊಳೆಯುವ ಮಾತಂತೂ ಇಲ್ಲ. ಮೂವತ್ತೆಂಟು ವರ್ಷ ಹಾಗೇ ಇತ್ತು. ಹೋದ ವರ್ಷ ದಾಮೋದರ ಗಂಟು ಬಿಚ್ಚಿ ಮಂಡಳಿಯ ಮೇಜಿನ ಮೇಲಿಟ್ಟಾಗ ಅಷ್ಟು ಜನರೂ ಎದ್ದು ನಿಂತಿದ್ದರು. ಬಟ್ಟೆ, ಅರಿಶಿನ, ಕರಾವಳಿಯ ಗಾಳಿ ಸೇರಿ ಬೆಳ್ಳಿಯ ಮೇಲೆ ಆ ಬಣ್ಣ ಬರೆದಿದ್ದವು.

“ನಮ್ಮಲ್ಲಿ ದೇವರ ರೂಪಾಯಿ ಮುಟ್ಟಬಾರದು. ಇಲ್ಲಿ ದೇವರ ರೂಪಾಯಿ ತೊಳೀಬೇಕು” ಎಂದ ಅನಂತರಾಮ. “ಚೀಟಿ ಬರೆದೋನಿಗೆ ಇದು ಗೊತ್ತಿಲ್ಲ. ದಾಮೋದರ ಇಲ್ಲಿ ಹದಿನಾರು ವರ್ಷದಿಂದ ವರ್ಷಾ ವರ್ಷಾ ಧನತೇರಸ್‌ಗೆ ಗಿರಾಕಿಗಳ ಮನೆಗೆ ಹಾಲು ಕೊಡ್ತಾನೆ. ಯಾಕೆ ಅಂತ ಅವನಿಗೆ ಗೊತ್ತು. ನೀವು ಯಾರ ಮನೆಯಲ್ಲೂ ಹಬ್ಬಕ್ಕೆ ಕೂತವರಲ್ಲ.”

“ಮಂಡಳಿಯ ಗುಜರಾತಿಗಳು ಚೀಟಿ ಓದಲಿಲ್ಲವೇ?”

“ನಿಮ್ಮ ರುಜು ನೋಡ್ತಾರೆ. ಮೇಲಿನ ಸಾಲು ಯಾರೂ ಓದಲ್ಲ. ಓದಿದ್ರೂ, ತೊಳೆಯೋರು ಹೆಂಗಸರು. ತೊಳೆದಿಟ್ಟ ಮೇಲೆ ಗಂಡಸರು ಪೂಜೆಗೆ ಬರ್ತಾರೆ.” ಅನಂತರಾಮ ಭೂತಗನ್ನಡಿಯನ್ನು ಮುಂದಕ್ಕೆ ತಳ್ಳಿದ. “ನೋಡಿ. ಬಣ್ಣದ ಕೆಳಗೆ ಸಣ್ಣ ಗೀರುಗಳಿವೆ. ಬೂದಿಯ ಗೀರು. ಮೊದಲು ಉಜ್ಜಿದ್ದಾರೆ, ಆಮೇಲೆ ಬಣ್ಣ ಬಂದಿದೆ.”

ಪಟ್ಟಾಭಿರಾಮ ಗಾಜನ್ನು ಎತ್ತಿಕೊಂಡರು. ಅಭ್ಯಾಸದಿಂದ ಎತ್ತಿದ ಹಾಗಿತ್ತು. ಬಹಳ ಹೊತ್ತು ನೋಡಿದರು.

“ಅಂಚಿನಲ್ಲಿ ಹಸಿರು ಸ್ವಲ್ಪ ಜಾಸ್ತಿಯಾಯ್ತು” ಎಂದರು ಕಡೆಗೆ. “ಒಂದು ದಿನ ಮುಂಚೆ ತೆಗೀಬೇಕಿತ್ತು.”

ಅನಂತರಾಮನಿಗೆ ಗೆದ್ದೆ ಎನ್ನಿಸಲಿಲ್ಲ.

“ಎಲ್ಲಿ ಮಾಡಿದ್ರಿ?”

“ಮಾಳಿಗೆ ಮೇಲೆ. ಮಣ್ಣಿನ ಗಡಿಗೆ, ಗಂಧಕ, ಬಿಸಿಲು. ಲೈಬ್ರರಿಯಲ್ಲಿ ಮೂವತ್ತು ವರ್ಷ ಇದ್ದವನು ನಾನು. ಹಳೇ ಪುಸ್ತಕದ ರಟ್ಟಿನ ಮಧ್ಯೆ ಇಟ್ಟ ಬೆಳ್ಳಿ ಏನಾಗುತ್ತೆ ಅಂತ ಗೊತ್ತು. ರಟ್ಟೂ ಹಾಕಿದೆ.” ಅವರ ದನಿ ಪಾಠ ಹೇಳುವ ದನಿಯಾಯಿತು. “ಅನಂತರಾಮ, ನೀನು ರಸಾಯನ ಓದಿದವನು, ಹೇಳು. ದಾಮೋದರನ ತಾಯಿಯ ಬಟ್ಟೆಯಲ್ಲಿ ಇದ್ದದ್ದೂ ಗಂಧಕವೇ, ನನ್ನ ಗಡಿಗೆಯಲ್ಲಿ ಇದ್ದದ್ದೂ ಗಂಧಕವೇ. ಅಲ್ಲಿ ಮೂವತ್ತೆಂಟು ವರ್ಷ, ಇಲ್ಲಿ ಒಂಬತ್ತು ದಿನ. ಬೆಳ್ಳಿಗೆ ಎರಡೂ ಒಂದೇ. ಒಂದನ್ನ ನಿಜ ಅಂತೀರಿ, ಒಂದನ್ನ ಮೋಸ ಅಂತೀರಿ. ಏನು ವ್ಯತ್ಯಾಸ?”

“ಬಣ್ಣದಲ್ಲಿ ವ್ಯತ್ಯಾಸ ಇಲ್ಲ ಅಂತಲೇ ಇಟ್ಕೊಳ್ಳಿ. ಚೀಟಿಯಲ್ಲಿ ಇದೆ. ‘ಗಡಿಗೆಯಲ್ಲಿ ಮಾಡಿದ್ದು, ಒಂಬತ್ತು ದಿನ’ ಅಂತ ಬರೆದಿದ್ರೆ ನಾನು ಇಲ್ಲಿಗೆ ಬರ್ತಿರಲಿಲ್ಲ.”

“ಹಾಗೆ ಬರೆದರೆ ಯಾರು ನೋಡ್ತಾರೆ?”

“ಅಷ್ಟೇ ಸಾರ್ ವ್ಯತ್ಯಾಸ.”

ಪಟ್ಟಾಭಿರಾಮ ನಶ್ಯ ಏರಿಸಿದರು. ಸೀನು ಬರಲಿಲ್ಲ.

“ನಲವತ್ತು ವರ್ಷ ಪರರ ನಾಣ್ಯ ನೋಡಿದೆ ಕಣೋ. ಇದು ಹಳೇದು, ಇದು ಹೊಸದಾಗಿ ಅಚ್ಚು ಹೊಡೆದದ್ದು, ಅಂತ ಹೇಳಿ ಹಿಂದಕ್ಕೆ ಕೊಟ್ಟೆ. ನಿನಗೆ ಮೊದಲ ಪಾಠ ಏನು ಹೇಳಿದ್ದೆ? ಒಂದು ರೂಪಾಯಿ ಒಂದು ತೊಲ. ಬೇರೆ ಎಲ್ಲ ಸುಳ್ಳು ಹೇಳಿದರೂ ತೂಕ ಹೇಳಲ್ಲ ಅಂತ. ಅದನ್ನೇ ನಂಬಿಕೊಂಡು ಬದುಕಿದವನು. ದಾಮೋದರನ ಆ ರೂಪಾಯಿ ಮೂರು ದಿನ ಈ ಮೇಜಿನ ಮೇಲಿತ್ತು. ಹಿಂದಕ್ಕೆ ಕೊಟ್ಟ ಮೇಲೆ ಊಟ ಸೇರಲಿಲ್ಲ. ಅಂಥದ್ದು ನನ್ನ ಕೈಲಿ ಆಗುತ್ತಾ ನೋಡೋಣ ಅನ್ನಿಸಿತು. ಆಯಿತು. ಆದ ಮೇಲೆ ನಾಲ್ಕು ಜನ ನೋಡಿ ಎದ್ದು ನಿಲ್ಲಬೇಕು ಅನ್ನಿಸಿತು.”

“ದಾಮೋದರನ ಮೇಲೆ ಯಾಕೆ ಹಾಕಿದ್ರಿ?”

ಪಟ್ಟಾಭಿರಾಮ ಡಬ್ಬಿ ಮುಚ್ಚಿದರು.

“ಅವನದು ನಿಜವಾದದ್ದು. ಅದನ್ನ ನಿಮ್ಮ ಹನ್ನೊಂದರ ಜೊತೆ ಯಾಕೆ ಸೇರಿಸಿದ್ರಿ?”

“ಯಾರಾದರೂ ಪರೀಕ್ಷೆ ಮಾಡಿದರೆ ಮೊದಲು ಅದನ್ನೇ ಎತ್ತುತ್ತಾರೆ ಅಂತ. ಅದು ಎಲ್ಲಕ್ಕಿಂತ ಚೆನ್ನಾಗಿದೆ.” ಮುದುಕರು ಕಿಟಕಿಯ ಕಡೆ ತಿರುಗಿದರು. “ಭಾನುವಾರ ಇದನ್ನೆಲ್ಲ ನಾನು ಹೇಳಿಲ್ಲ ಅಂತೀನಿ. ಹೇಳಿರ್ತೀನಿ ಮೊದಲೇ. ನನಗೆ ಎಪ್ಪತ್ತೊಂದು. ಜೈಲಿನ ಚಾಪೆ ಆಗಲ್ಲ.”

“ನೀವು ಒಪ್ಪೋದು ಬೇಡ. ಸುಳ್ಳು ನಾಣ್ಯ ನನ್ನ ಜೇಬಿನಲ್ಲಿದೆ. ದಾಮೋದರನದು ಸೂರತ್ತಿನಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಗಾಜು ಕೊಡ್ತೀನಿ. ಒಂದರಲ್ಲಿ ಗೀರು ಇದೆ, ಒಂದರಲ್ಲಿ ಇಲ್ಲ. ಅವನು ಕೊಟ್ಟದ್ದು ನಿಜ ಅಂತ ಮಂಡಳಿಯೇ ನೋಡಲಿ.”

“ಹಾಗಾದರೆ ಬೇಗ ಹೋಗು” ಎಂದರು ಪಟ್ಟಾಭಿರಾಮ, ತಿರುಗದೆ. “ಇವತ್ತು ಬೆಳಿಗ್ಗೆ ಧನಸುಖಲಾಲನಿಗೆ ಕಾಗದ ಹಾಕಿದೆ. ಎಲ್ಲವೂ ಸುಳ್ಳು, ಇಟ್ಟುಕೊಂಡರೆ ಪೊಲೀಸರು ನಿಮ್ಮ ಕಾರ್ಖಾನೆಗೂ ಬರ್ತಾರೆ, ಕರಗಿಸಿಬಿಡಿ ಅಂತ. ನಾಳೆ ಮುಟ್ಟುತ್ತೆ. ಜರಿಯವನು, ಸುಳ್ಳು ಬೆಳ್ಳಿ ಅನ್ನೋ ಮಾತು ಮನೆಯಲ್ಲಿ ಒಂದು ಗಂಟೆ ಇಟ್ಟುಕೊಳ್ಳಲ್ಲ.”

ಅನಂತರಾಮ ತಂತಿ ಕಚೇರಿಗೆ ಓಡಿದ. ಟ್ರಂಕ್ ಕಾಲ್ ಬುಕ್ ಮಾಡಿ ಎರಡು ಗಂಟೆ ಬೆಂಚಿನ ಮೇಲೆ ಕೂತ. ಸೂರತ್ತಿನ ಲೈನು ಸಿಗಲಿಲ್ಲ. ಮಂಡಳಿಯ ಕಾರ್ಯದರ್ಶಿಯ ಕಾಗದವಿಲ್ಲದೆ ಧನಸುಖಲಾಲ್ ನಾಣ್ಯ ಕೈಬಿಡುವವನಲ್ಲ. ಕಾರ್ಯದರ್ಶಿ ಬೆಳಿಗ್ಗೆ ಏಳಕ್ಕೆ ಸಿಗುತ್ತಾರೆ ಎಂದು ಅವರ ಮನೆಯವರು ಹೇಳಿದರು. ಕರಗಿಸಬೇಡಿ ಎಂದು ಸೂರತ್ತಿಗೆ ಒಂದು ತಂತಿ ಕೊಟ್ಟು ಅವನು ಸಯಾಜಿಗಂಜಿಗೆ ನಡೆದ.

ಹೋಟೆಲಿನಲ್ಲಿ ನಾಲ್ಕೇ ಗಿರಾಕಿಗಳಿದ್ದರು. ಆ ಹೊತ್ತಿಗೆ ಸಾಮಾನ್ಯವಾಗಿ ಕೂರಲು ಜಾಗ ಇರುತ್ತಿರಲಿಲ್ಲ.

“ಎಂತ ಆಯ್ತು ಮಾರಾಯ್ರೆ?” ದಾಮೋದರ ಗಲ್ಲಾ ಬಿಟ್ಟು ಬಂದ. ವಾರದಲ್ಲಿ ಅವನ ಕುತ್ತಿಗೆ ಸಣ್ಣದಾಗಿತ್ತು. “ಊಟ ಮಾಡ್ತಾ ಹೇಳಿ. ಅಲ್ಲ, ಮೊದಲು ಹೇಳಿ, ಮತ್ತೆ ಊಟ.”

ಅನಂತರಾಮ ಹೇಳಿದ. ದಾಮೋದರ ಕೇಳುತ್ತ ಕೇಳುತ್ತ ಬೆಂಚಿನ ಮೇಲೆ ಕೂತುಬಿಟ್ಟ.

“ಅವರು ಹಾಗೆ ಮಾಡ್ತಾರಾ? ನನ್ನನ್ನು ಮಂಡಳಿಗೆ ಸೇರಿಸಿದ್ದೇ ಅವರು. ಏಳು ವರ್ಷ ನಾನು ಮಂಡಳಿ ಸೇರುವ ಮೇಲಿನ ಕೋಣೆಗೆ ಕಾಫಿ ತೆಕ್ಕೊಂಡು ಹೋಗ್ತಿದ್ದೆ, ನಿಂತುಕೊಂಡು ಕೇಳ್ತಿದ್ದೆ. ಆ ರೂಪಾಯಿ ತೋರಿಸಿದ ದಿನ ನನಗೊಂದು ಕುರ್ಚಿ ಹಾಕಿಸಿದ್ರು. ಪಟ್ಟಾಭಿರಾಮರೇ ಎಳೆದು ಕೊಟ್ರು. ಮತ್ತೆ ಅವರೇ ಕೇಳಿದ್ರು ಅಂತ ಅದನ್ನು ಮಾರಲಿಕ್ಕೆ ಮಂಡಳಿಗೆ ಕೊಟ್ಟೆ.”

“ಕುರ್ಚಿಗೆ ಬೇಕಾಗಿ ದೇವರದ್ದು ಕೊಟ್ಟು ಬಂದ್ರು.” ಒಳಗಿನ ಬಾಗಿಲಿನಿಂದ ದಾಮೋದರನ ಹೆಂಡತಿ ವಿಮಲಾ ಹೇಳಿದಳು. ಕೈಯಲ್ಲಿ ಬಡಿಸುವ ಸೌಟು. “ನನಗೆ ಹೇಳಲೂ ಇಲ್ಲ. ಗೂಟದಲ್ಲಿ ಬರೀ ಬಟ್ಟೆ ತೂಗ್ತಾ ಇತ್ತು. ಅತ್ತೆ ಸಾಯುವಾಗ ನನ್ನ ಕೈ ಹಿಡಿದು ಒಪ್ಪಿಸಿದ್ದು ಅದೊಂದೇ.”

“ನಾಳೆ ತರ್ತೇನಮ್ಮ. ಭಾನುವಾರ ಅದನ್ನ ಮಂಡಳಿಯಲ್ಲಿ ತೋರಿಸಿದರೆ ನಿಮ್ಮ ಯಜಮಾನರು ಬಿಡುಗಡೆಯಾದ ಹಾಗೆ.”

“ಭಾನುವಾರ ಆದ ಮೇಲೆ?”

“ಅಂದರೆ?”

“ತೋರಿಸಿ ಆಯ್ತು. ಮತ್ತೆ ರೂಪಾಯಿ ಯಾರಿಗೆ?”

“ಧನಸುಖಲಾಲ್ ಕೊಂಡದ್ದಲ್ವೇ. ಅವರಿಗೇ.”

“ಹಾಗಾದ್ರೆ ತಿರುಪತಿಗೆ ಇಲ್ಲ.”

“ಅದು ನನ್ನ ಕೈಯಲ್ಲಿಲ್ಲ.”

ವಿಮಲಾ ತಲೆಯಾಡಿಸಿದಳು. ಎಲೆ ಹಾಕಿ ಅನ್ನ ಬಡಿಸಿದಳು. ಸಾರು ಹಾಕುತ್ತ ಸಾಧಾರಣ ದನಿಯಲ್ಲಿ ಕೇಳಿದಳು: “ಸೂರತ್ತಿನಲ್ಲಿ ಅವರ ಮನೆ ಯಾವ ಬದಿಗೆ?”

“ಸೇತುವೆ ದಾಟಿ ಅಡಾಜಣ್. ಹೊಲದ ನಡುವೆ ಹಳದಿ ಬಂಗಲೆ. ಹಿಂದೆಯೇ ಕಾರ್ಖಾನೆ.”

“ಮಜ್ಜಿಗೆ ಹಾಕ್ಲಾ?” ಎಂದಳು.

ಬೆಳಿಗ್ಗೆ ಸ್ಟೇಷನ್ನಿಗೆ ದಾಮೋದರ ತಿಂಡಿಯ ಪೊಟ್ಟಣ ತಂದುಕೊಟ್ಟ. “ಇಡ್ಲಿ ಸ್ವಲ್ಪ ಗಟ್ಟಿ ಉಂಟು, ಬೈಬೇಡಿ. ನಾನೇ ಬೇಯಿಸಿದ್ದು. ಅವಳು ಐದಕ್ಕೇ ಎದ್ದು ದೇವಸ್ಥಾನಕ್ಕೆ ಹೋಗಿದ್ದಾಳೆ. ಭಾನುವಾರದವರೆಗೆ ಇನ್ನು ಹೀಗೆಯೇ.”

ಗಾಡಿ ಸೂರತ್ತಿಗೆ ಬಂದಾಗ ಹನ್ನೆರಡು ಹೊಡೆದಿತ್ತು. ಕುದುರೆಗಾಡಿ ತಾಪಿಯ ಸೇತುವೆ ದಾಟುವಾಗ ಕೆಳಗೆ ನೀರು ಕಡಿಮೆಯಿತ್ತು, ಅಗಸರು ಮರಳಿನ ಮೇಲೆ ಸೀರೆ ಹರಡಿದ್ದರು.

ಧನಸುಖಲಾಲ್ ವರಾಂಡದಲ್ಲೇ ಸಿಕ್ಕಿದ. ಐವತ್ತರ ದಪ್ಪ ಮನುಷ್ಯ. ಅವನ ಮುಂದೆ ಎರಡು ಕಾಗದ ಬಿದ್ದಿದ್ದವು. ಒಂದು ಪಟ್ಟಾಭಿರಾಮರದು. ಇನ್ನೊಂದು ಅನಂತರಾಮನದೇ ತಂತಿ. ಊರಾಚೆಯ ಬಂಗಲೆಗೆ ಎರಡನ್ನೂ ಬೆಳಿಗ್ಗೆ ಒಬ್ಬನೇ ಟಪಾಲಿನವನು ತಂದಿದ್ದನಂತೆ. ಅವನು ಮೊದಲು ಕಾಗದ ಒಡೆದಿದ್ದ.

“ತಡವಾಯಿತು ಭಾಯಿ” ಎಂದ ಹಿಂದಿಯಲ್ಲಿ. “ತಂತಿ ಓದುವ ಹೊತ್ತಿಗೆ ಮೂಸೆ ಕೆಂಪಗಾಗಿತ್ತು. ನಮ್ಮ ತಂದೆಯ ಕಾಲದಿಂದ ಈ ಮನೆಯಲ್ಲಿ ಸುಳ್ಳು ಬೆಳ್ಳಿ ಇರಲಿಲ್ಲ.”

“ಬೆಳ್ಳಿ ಸುಳ್ಳಲ್ಲ ಶೇಠ್, ಬಣ್ಣ ಸುಳ್ಳು. ಅದರಲ್ಲೂ ಒಂದರ ಬಣ್ಣ ನಿಜ.”

“ಈಗ ಹೇಳುತ್ತೀರಿ.”

ಕಾರ್ಖಾನೆಯಲ್ಲಿ ಬೆಳ್ಳಿಯ ತಂತಿ ಎಳೆಯುವವರು ಕೆಲಸ ನಿಲ್ಲಿಸಿ ನೋಡಿದರು. ಕುಲುಮೆಯ ಪಕ್ಕದ ಕಲ್ಲಿನ ಮೇಲೆ ಒಂದು ಬಿಳಿ ಗಟ್ಟಿ ಆರುತ್ತಿತ್ತು. ಅದರ ಮೇಲೆ ರಾಣಿಯೂ ಇರಲಿಲ್ಲ, ಇಸವಿಯೂ ಇರಲಿಲ್ಲ.

ಅನಂತರಾಮ ಅದನ್ನೇ ನೋಡುತ್ತ ನಿಂತ. ಭಾನುವಾರ ದಾಮೋದರನ ಮುಖಕ್ಕೆ ಏನು ಹೇಳುವುದು ಎಂದು ಯೋಚಿಸಿದ. ಹೇಳುವಂಥದ್ದು ಏನೂ ಇರಲಿಲ್ಲ. ಆಮೇಲೆ, ಬೇರೆ ಏನು ಮಾಡಲೂ ತೋಚದೆ, ಕಲಿತ ಮೊದಲ ಪಾಠವನ್ನು ಮಾಡಿದ.

“ತಕ್ಕಡಿ ಕೊಡಿ.”

ಕೆಲಸಗಾರ ಗಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ತಟ್ಟೆಗೆ ಹಾಕಿದ. ಒಂದೊಂದೇ ತೂಕದ ಬಟ್ಟು ಏರಿಸಿದ. ಮುಳ್ಳು ಅಲ್ಲಾಡಿ ನಿಂತಿತು.

ಹತ್ತು ತೊಲ. ಎರಡು ಗುಂಜಿ ಕಡಿಮೆ.

ಅನಂತರಾಮನ ಜೇಬಿನ ಒಂದನ್ನು ಬಿಟ್ಟರೆ ಈ ಮನೆಯಲ್ಲಿ ಹನ್ನೊಂದು ಇರಬೇಕಿತ್ತು.

“ಮೂಸೆಗೆ ಎಣಿಸಿ ಹಾಕಿದೆಯಾ?”

“ಇಲ್ಲ ಸಾಹೇಬ್. ಶೇಠ್‌ಜಿ ತಟ್ಟೆ ಕೊಟ್ಟರು, ಸುರಿದೆ.”

“ಶೇಠ್, ಬೆಳಿಗ್ಗೆ ಈ ತಟ್ಟೆಯನ್ನು ಬೇರೆ ಯಾರಾದರೂ ನೋಡಿದ್ದರಾ?”

“ಯಾರೂ ಇಲ್ಲ. ಟಪಾಲಿಗೆ ಮುಂಚೆ ಒಬ್ಬ ಹೆಂಗಸು ಬಂದಿದ್ದಳು, ಅಷ್ಟೆ. ವಡೋದರದಿಂದ. ಹೋಟೆಲಿನವನ ಹೆಂಡತಿಯಂತೆ. ಅರ್ಧ ಮಾತು ನನಗೆ ತಿಳಿಯಲಿಲ್ಲ. ಗಂಡನ ರೂಪಾಯಿ ಒಂದು ಸಲ ನೋಡಬೇಕು ಎಂದಳು. ತೋರಿಸಿದೆ. ಹನ್ನೊಂದರಲ್ಲಿ ಅದೊಂದನ್ನೇ ಎತ್ತಿಕೊಂಡಳು, ನೋಡಿ! ಕಣ್ಣಿಗೆ ಒತ್ತಿಕೊಂಡಳು. ಪಾಪ, ಅಳುತ್ತಿದ್ದಳು. ನೀರು ತರಲು ನಾನೇ ಒಳಗೆ ಹೋದೆ.”

“ಎಷ್ಟು ಗಂಟೆಗೆ ಹೋದಳು?”

“ಒಂಬತ್ತಕ್ಕೆ. ಮುಂಬಯಿಯ ಗಾಡಿ ಎಷ್ಟಕ್ಕೆ ಎಂದು ಕೇಳಿದಳು. ಮುಂಬಯಿಯಿಂದ ಮದ್ರಾಸಿಗೆ ಎಲ್ಲಿ ಹತ್ತಬೇಕು ಎಂದೂ ಕೇಳಿದಳು.”

ಧನಸುಖಲಾಲನ ಕಣ್ಣು ಈಗ ತಕ್ಕಡಿಯ ಮೇಲೆ ಬಿತ್ತು. ಬಟ್ಟುಗಳನ್ನು ತಾನೇ ಎಣಿಸಿದ. ಮುಖ ನಿಧಾನವಾಗಿ ಬಿಗಿಯಿತು.

“ಹತ್ತು?” ಎಂದ. “ಭಾಯಿ, ಒಂದು ಎಲ್ಲಿ?”

ಹೇಳಿದರೆ ವಿಮಲಾ ಕಳ್ಳಿ. ಹೇಳದಿದ್ದರೆ ದಾಮೋದರ ಮೋಸಗಾರ. ಆ ರೂಪಾಯಿ ತಿರುಪತಿಯ ಹುಂಡಿಗೆ ಬಿದ್ದ ಮೇಲೆ ಅದನ್ನು ಯಾರ ಗಾಜೂ ನೋಡುವುದಿಲ್ಲ.

ಅನಂತರಾಮ ಬಟ್ಟುಗಳನ್ನು ಒಂದೊಂದಾಗಿ ತಟ್ಟೆಯಿಂದ ಇಳಿಸಿದ. ಕೆಲಸಗಾರರೆಲ್ಲ ಅವನನ್ನೇ ನೋಡುತ್ತಿದ್ದರು.

ಹತ್ತು ರೂಪಾಯಿ ಕರಗಿದ್ದವು. ಒಂದು ರೂಪಾಯಿ ಇರಲಿಲ್ಲ. ಒಬ್ಬ ಹೆಂಗಸು ಇರಲಿಲ್ಲ.